ನಾನು ಅದಲುಬದಲು ಮಾಡಿದ ಹಳದಿ, ಹಸಿರು

ಆ ದಿನ ಬಣ್ಣಗಳನ್ನು ತಿರುವಿಹಾಕಿದವಳು ನಾನು. ಗುರುನಾಥ ಮಾಸ್ತರರಲ್ಲ.

ಇಷ್ಟು ಚಿಕ್ಕ ಮಾತನ್ನು ಬರೆಯಲು ನನಗೆ ಒಂದು ಇಡೀ ನೌಕರಿ, ಅದರ ಮೇಲೊಂದು ನಿವೃತ್ತಿ ಬೇಕಾಯಿತು. ಹಾನಗಲ್ಲಿನ ಒಂದು ಹೈಸ್ಕೂಲಿನಲ್ಲಿ, ಎಂಬತ್ತರ ದಶಕದ ನಡುವೆ, ಹೊಸ ಕಂಪ್ಯೂಟರಿನ ಮುಂದೆ ನಿಂತ ಗಣಿತದ ಮಾಸ್ತರರೊಬ್ಬರು ಹಸಿರನ್ನು ಹಳದಿ ಎಂದರು, ಹಳದಿಯನ್ನು ಹಸಿರು ಎಂದರು, ಸಾಹೇಬರ ಎದುರು ನಗೆಪಾಟಲಾದರು—ಈ ಕತೆ ಆ ಊರಿನಲ್ಲಿ ಕೆಲವರಿಗಾದರೂ ನೆನಪಿದ್ದೀತು. ಆ ಕತೆಯಲ್ಲಿ ನನಗೊಂದು ಒಳ್ಳೆಯ ಪಾತ್ರವಿದೆ. ಕೀರ್ತಿಯನ್ನೆಲ್ಲ ಸಹೋದ್ಯೋಗಿಗೆ ಬಿಟ್ಟುಕೊಟ್ಟ, ಇಂಗ್ಲಿಷ್ ಕಲಿಸುವ ವಿನಯದ ಬಾಯಾರು ನಾನು. ದ್ಯಾಟ್ ಈಸ್ ದಿ ಪಾರ್ಟ್ ಐ ಕಾಂಟ್ ಬೇರ್. ನಗೆಪಾಟಲಿಗಿಂತ ಆ ವಿನಯವೇ ನನ್ನನ್ನು ಹೆಚ್ಚು ಸುಡುತ್ತದೆ.

ಅವರ ಹೆಸರನ್ನು ಇಲ್ಲಿ ಬದಲಿಸಿದ್ದೇನೆ. ಅವರ ಮಾನ ಹೋದದ್ದು ಹತ್ತಾರು ಜನರ ಎದುರಿಗೆ; ಅದನ್ನು ನಾನೇನೂ ಹೊಸದಾಗಿ ಬಯಲು ಮಾಡುತ್ತಿಲ್ಲ. ಮುಚ್ಚಿಟ್ಟಿದ್ದೇನಾದರೂ ಇದ್ದರೆ ಅದು ನನ್ನದು.

ಎಲ್ಲಿಂದ ಶುರುಮಾಡಲಿ—ಕೆಂಪಿನಿಂದಲೇ ಶುರುಮಾಡುತ್ತೇನೆ.

ನಮ್ಮ ಮನೆ ಸವಣೂರಿನದು. ಅಜ್ಜ ಸಂಸ್ಕೃತ ಪಂಡಿತರು. ಅವರ ಹಸ್ತಪ್ರತಿಗಳ ಗಂಟು ಬಿಚ್ಚಿದರೆ ನನಗೆ ಹಬ್ಬ, ಓದಲಿಕ್ಕಲ್ಲ, ನೋಡಲಿಕ್ಕೆ. ಕಪ್ಪು ಅಕ್ಷರಗಳ ಸಾಲಿನ ನಡುನಡುವೆ ಕೆಂಪು ಶಬ್ದಗಳು ಬರುತ್ತಿದ್ದವು. ಮಾತಾಡುವವರು ಯಾರು ಎಂದು ತಿಳಿಸುವಲ್ಲಿ ಕೆಂಪು, ಅಧ್ಯಾಯ ಮುಗಿದಲ್ಲಿ ಕೆಂಪು. ತಪ್ಪಾದ ಅಕ್ಷರವಿದ್ದರೆ ಅದರ ಮೇಲೆ ಹಳದಿ ಲೇಪ. ಅರ್ಥವಾಗದ ಗ್ರಂಥದಲ್ಲೂ ಯಾವುದು ದಾರಿ, ಯಾವುದು ಮೈಲುಗಲ್ಲು ಎಂದು ಬಣ್ಣದಿಂದಲೇ ತಿಳಿಯುತ್ತಿತ್ತು. ಆಗಲೇ ನನಗೊಂದು ಪ್ರಶ್ನೆ ಹತ್ತಿಕೊಂಡಿತು, ಹುಳದ ಹಾಗೆ.

“ಅಜ್ಜಾ, ನಿನಗ ಕಾಣೋ ಕೆಂಪು, ನನಗ ಕಾಣೋ ಕೆಂಪು ಒಂದ ಅದ ಅಂತ ಹೆಂಗ ಗೊತ್ತು?”

ಅಜ್ಜ ಕನ್ನಡಕ ತೆಗೆದು ನಕ್ಕಿದ್ದರು. “ನಿನ್ನ ಕಣ್ಣು ಒಂದು ದಿನದ ಮಟ್ಟಿಗೆ ಕಡಾ ಕೊಡು. ನೋಡಿ ಹೇಳ್ತೀನಿ.”

ಆಮೇಲೆ ನನ್ನನ್ನು ಹುಬ್ಬಳ್ಳಿಯ ಕಾನ್ವೆಂಟಿಗೆ ಹಾಕಿದರು. ಅಲ್ಲಿ ಸಿಸ್ಟರ್‌ಗೆ ಅದೇ ಪ್ರಶ್ನೆ ಇಂಗ್ಲಿಷಿನಲ್ಲಿ ಕೇಳಿದೆ. “ಡೋಂಟ್ ಬಿ ಸಿಲ್ಲಿ, ಚೈಲ್ಡ್. ರೆಡ್ ಈಸ್ ರೆಡ್,” ಎಂದರು. ಉತ್ತರ ಸಿಗದ ಪ್ರಶ್ನೆಗಳು ಕೆಲವರಲ್ಲಿ ಸಾಯುತ್ತವೆ. ನನ್ನಲ್ಲಿ ಅದು ಸಾಯಲಿಲ್ಲ—ಸತ್ತಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಎಪ್ಪತ್ತರ ದಶಕದ ಕೊನೆಗೆ ನಾನು ಹಾನಗಲ್ಲಿಗೆ ಇಂಗ್ಲಿಷ್ ಕಲಿಸಲು ಬಂದೆ. ವಾರಕ್ಕೊಮ್ಮೆ ಬಂಕಾಪುರದಲ್ಲಿ ಬಸ್ಸು ಬದಲಿಸಿ ಸವಣೂರಿಗೆ ಹೋಗಿಬರುವುದು, ಉಳಿದಂತೆ ಒಂದು ಬಾಡಿಗೆ ಕೋಣೆ, ಒಂದು ಸ್ಟವ್, ಟ್ರಂಕಿನ ತುಂಬ ಪುಸ್ತಕ. ನಾನು ಬಂದ ಮರುವರ್ಷ ಗುರುನಾಥ ಮಾಸ್ತರರು ಬಂದರು. ಅಕ್ಕಿಆಲೂರಿನ ಹತ್ತಿರದ ಹಳ್ಳಿಯವರು. ಅವರ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರು ಅವರೊಬ್ಬರೇ. ಬಿಳಿ ಅಂಗಿಯ ತೋಳು ಮೊಣಕೈವರೆಗೆ ಮಡಚಿ, ಹಲಗೆಯ ಮುಂದೆ ನಿಂತರೆಂದರೆ ಗಣಿತ ಒಂದು ಹರಟೆಯಾಗುತ್ತಿತ್ತು. ಪಕ್ಕದ ತರಗತಿಯಲ್ಲಿ ಪಾಠ ಹೇಳುತ್ತಿದ್ದ ನನಗೆ ಗೋಡೆಯ ಆಚೆಯಿಂದ ಅವರ ಒಂದು ಮಾತು ದಿನಾ ಕೇಳುತ್ತಿತ್ತು.

“ತಿಳೀಲಿಲ್ಲಂದ್ರ ಕೇಳ್ರಿ! ಬಾಯಿ ಮುಚ್ಚಿಕೊಂಡು ಯಾಕ ಕುಂದರ್ತೀರಿ? ಕೇಳಿದ್ರ ಹೇಳ್ತೇನಿ!”

ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಕಂಪ್ಯೂಟರ್ ಬಂದದ್ದು ಆಮೇಲೆ ಕೆಲವು ವರ್ಷಕ್ಕೆ. ಯಾವುದೋ ಸರಕಾರಿ ಯೋಜನೆಯಲ್ಲಿ ನಮ್ಮ ಶಾಲೆಯ ಹೆಸರು ಹೇಗೋ ಸೇರಿಕೊಂಡಿತ್ತು. ಪೆಟ್ಟಿಗೆ ಒಡೆದರೆ ಒಳಗೆ ಟೈಪ್‌ರೈಟರಿನಂಥ ಒಂದು ಕೀಬೋರ್ಡು. ಪ್ರೋಗ್ರಾಮುಗಳನ್ನು ಉಳಿಸಿಡಲು ಹಾಡು ಕೇಳುವ ಕ್ಯಾಸೆಟ್ಟೇ ಸಾಕಂತೆ. ತೆರೆಯ ಬದಲು ಮನೆಯ ಟಿವಿಯೇ ನಡೆಯುತ್ತದಂತೆ. ಹೆಡ್‌ಮಾಸ್ತರರು ಕಾಯಿ ಒಡೆದು, ಕರ್ಪೂರ ಬೆಳಗಿ, ಕೋಣೆಗೆ ಬೀಗ ಹಾಕಿಬಿಟ್ಟರು.

“ಮುಟ್ಟಿ ಕೆಟ್ಟರ ಯಾರು ಹೊಣಿ ಆಗ್ತೀರಿ?”

“ಮುಟ್ಟದ ಕೆಟ್ಟರ ಯಾರು ಹೊಣಿ ಆಗ್ತಾರ್ರಿ ಸರ?” ಎಂದರು ಗುರುನಾಥ ಮಾಸ್ತರರು. ಬೀಗದ ಕೈ ಅವರಿಗೆ ಸಿಕ್ಕಿತು. ಅದರ ಜೊತೆಗೆ ಬಂದಿದ್ದ ದಪ್ಪ ಇಂಗ್ಲಿಷ್ ಪುಸ್ತಕ ನನಗೆ ಸಿಕ್ಕಿತು. ಹೀಗೆ ನಾವಿಬ್ಬರೂ ಸೇರಿದೆವು. ಓದಿ ಹೇಳುವವಳು ನಾನು, ಮಾಡಿ ನೋಡುವವರು ಅವರು.

ಟಿವಿ ಮಾತ್ರ ಕಪ್ಪು-ಬಿಳುಪಿನದು. ಹೆಡ್‌ಮಾಸ್ತರರ ಮನೆಯಲ್ಲಿ ಮೂಲೆ ಸೇರಿದ್ದದ್ದು.

ಮಕ್ಕಳ ತೊಂದರೆ ಬೇಗ ಗೊತ್ತಾಯಿತು. ಕನ್ನಡ ಶಾಲೆಯ ಮಕ್ಕಳು. ತೆರೆಯ ಮೇಲೆ ಪ್ರಿಂಟ್, ಇಫ್, ನೆಕ್ಸ್ಟ್ ಎಂಬ ಶಬ್ದಗಳ ನಡುವೆ ಅವರೇ ಇಟ್ಟ ಹೆಸರುಗಳೂ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತಿದ್ದವು. ಯಾವುದು ಯಂತ್ರದ ಶಬ್ದ, ಯಾವುದು ತಮ್ಮದು ಎಂದು ತಿಳಿಯದೆ, ತಿದ್ದಬಾರದ್ದನ್ನೇ ತಿದ್ದಿ ಕೂತಿರುತ್ತಿದ್ದರು. ಒಂದು ಸಂಜೆ ನಾನು ಅಜ್ಜನ ಹಸ್ತಪ್ರತಿಗಳ ಮಾತು ತೆಗೆದೆ. ಕೆಂಪು ಶಬ್ದ, ಕಪ್ಪು ಶಬ್ದ. ಮಾಸ್ತರರು ಕುರ್ಚಿಯಲ್ಲಿ ನೆಟ್ಟಗಾದರು.

“ಅಂದ್ರ ಯಂತ್ರದ ಮಾತಿಗೆ ಒಂದು ಬಣ್ಣ, ಹುಡುಗರ ಮಾತಿಗೆ ಒಂದು ಬಣ್ಣ! ಬಾಯಾರ, ನಿಮ್ಮ ಅಜ್ಜಾರು ಈ ಮಷೀನ್ ಕಂಡಿದ್ರೇನ್ರಿ ಹಂಗಾರ?”

ಈಗಿನ ಹುಡುಗರು ಇದಕ್ಕೆ ಥೀಮ್ ಎನ್ನುತ್ತಾರೆ. ಕೋಡ್ ಬರೆಯುವ ಎಡಿಟರ್ ತೆರೆದರೆ ಸಾಕು, ಬಣ್ಣಗಳು ತಾವೇ ಬಂದು ಕೂರುತ್ತವೆ. ಹಿಡಿಸದಿದ್ದರೆ ನೂರಾರು ಬೇರೆ ಇವೆ. ನಮ್ಮಲ್ಲಿ ಅಂಥದೇನೂ ಇರಲಿಲ್ಲ. ಮಕ್ಕಳು ಬರೆದ ಪ್ರೋಗ್ರಾಮನ್ನು ಓದಿ, ಶಬ್ದದ ಜಾತಿ ನೋಡಿ, ಬಣ್ಣ ಹಚ್ಚಿ ತೆರೆಗೆ ತರುವ ಇನ್ನೊಂದು ಪುಟ್ಟ ಪ್ರೋಗ್ರಾಮನ್ನು ಗುರುನಾಥ ಮಾಸ್ತರರೇ ಬರೆದರು. ಒಂದೊಂದು ಬಣ್ಣಕ್ಕೂ ಪುಸ್ತಕದಲ್ಲಿ ಒಂದೊಂದು ಸಂಖ್ಯೆ ಇತ್ತು. ಆ ಸಂಖ್ಯೆ ಕೊಟ್ಟರೆ ಆ ಬಣ್ಣ.

ಆದರೆ ಬಣ್ಣ ಆರಿಸುವುದು ಹೇಗೆ? ಟಿವಿಯಲ್ಲಿ ಕಾಣುವುದೆಲ್ಲ ಬೂದಿ ಬಣ್ಣ. ಹಳದಿ ಎಂದರೆ ಒಂದು ಬೂದಿ, ನೀಲಿ ಎಂದರೆ ಇನ್ನೊಂದು ಬೂದಿ. ನಾವಿಬ್ಬರೂ ಆ ಬೂದಿಯೊಳಗೆ ಕೂತು ಬಣ್ಣಗಳನ್ನು ಊಹಿಸಿಕೊಳ್ಳುತ್ತಿದ್ದೆವು. ವಾಟ್ ಫನ್ ಇಟ್ ವಾಸ್! ನನ್ನ ಜೀವನದಲ್ಲಿ ಅಷ್ಟು ಹಗುರಾಗಿ, ಅಷ್ಟು ಕುತೂಹಲದಿಂದ ಇದ್ದ ದಿನಗಳು ಬೇರೆ ಇಲ್ಲ. ನಾನು ಕೆಂಪು ಬೇಕೆಂದು ಹಟ ಹಿಡಿದೆ. ಅಜ್ಜನ ಕೆಂಪು.

“ಬ್ಯಾಡ್ರಿ ಬಾಯಾರ. ಕೆಂಪು ಕರಿ ಪಡದೆದಾಗ ಮುಳಗಿ ಹೋಗತೈತಿ.”

“ನಿಮಗ ಹೆಂಗ ಗೊತ್ತಾತು? ಇಲ್ಲೆ ಎಲ್ಲಾ ಬೂದೀನ ಕಾಣಸ್ತದ.”

ಅವರು ಎದ್ದು ಕೋಣೆಯ ಆ ತುದಿಗೆ, ಬಾಗಿಲ ಬಳಿ ಹೋಗಿ ನಿಂತರು. ನಾನು ಒಂದೊಂದೇ ಸಂಖ್ಯೆ ಒತ್ತಿದೆ. ಅಷ್ಟು ದೂರದಿಂದ ಅವರು ಒಂದೊಂದನ್ನೂ ಗುರುತಿಸಿದರು—ಇದು ಕೆಂಪಿನ ಬೂದಿ, ಇದು ಹಸಿರಿನದು, ಇದು ಹಳದಿಯದು. ಒಂದೂ ತಪ್ಪಲಿಲ್ಲ. ಹತ್ತಿರ ಕೂತ ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ.

“ಇದೇನು ಮಾಸ್ತರ, ಕಣ್ಣೋ ಕ್ಯಾಮೆರಾನೋ?”

“ರೂಢಿ ಆಗೈತ್ರಿ,” ಎಂದು ನಕ್ಕರು.

ರೂಢಿ! ಯಾವ ರೂಢಿ ಎಂದು ನಾನು ಆಗ ಕೇಳಲಿಲ್ಲ.

ಕೊನೆಗೆ ಹೀಗೆ ಗೊತ್ತುಮಾಡಿದೆವು: ಯಂತ್ರದ ಶಬ್ದಕ್ಕೆ ಹಳದಿ, ಮಕ್ಕಳು ಇಟ್ಟ ಹೆಸರಿಗೆ ಹಸಿರು, ಉಳಿದದ್ದು ಬಿಳಿ. ಮಾಸ್ತರರು ತರಗತಿಯಲ್ಲಿ ಹೇಳುವುದು ಈಗಲೂ ಕಿವಿಯಲ್ಲಿದೆ. “ಹಳದಿ ಯಂತ್ರದ ಸೊತ್ತು, ಅದನ್ನ ಮುಟ್ಟಬ್ಯಾಡ್ರಿ. ಹಸಿರು ನಿಮ್ಮ ಸೊತ್ತು. ನಿಮ್ಮ ಎಮ್ಮಿ ಹೆಸರು ಬೇಕಾದ್ರ ಇಡ್ರಿ.” ಮಕ್ಕಳು ನಿಜವಾಗಿಯೂ ಎಮ್ಮೆಯ ಹೆಸರು ಇಟ್ಟರು. ಬಣ್ಣವನ್ನೇ ಕಾಣದ ಆ ತೆರೆಯ ಮುಂದೆ ಕೂತು, ‘ಇವತ್ತ ಹಳದಿ ಜಾಸ್ತಿ ಹಳದಿ ಆಗೇತಿ’ ಎಂದು ಜಗಳ ಕೂಡ ಆಡಿದರು. ತಿದ್ದಬಾರದ್ದನ್ನು ತಿದ್ದುವುದು ಮಾತ್ರ ನಿಂತುಹೋಯಿತು. ಒಂದು ಬೂದಿ ಉರಿಯುತ್ತಿತ್ತು, ಇನ್ನೊಂದು ಮಂಕಾಗಿತ್ತು, ಅಷ್ಟೇ ಸಾಕಾಗಿತ್ತು.

ಆ ತೆರೆಯ ಮುಂದೆ ನಾವಿಬ್ಬರೂ ಸಮಾನರಾಗಿದ್ದೆವು. ಇಲ್ಲ—ಅವರೇ ಒಂದು ಕೈ ಮೇಲಾಗಿದ್ದರು. ಇದನ್ನು ಬರೆಯುವಾಗ ಪೆನ್ನು ಸ್ವಲ್ಪ ತಡೆಯುತ್ತದೆ.

ಅಷ್ಟರಲ್ಲಿ ನನಗೆ ಅನುಮಾನ ಬಂದಿತ್ತು. ಒಂದು ಸಂತೆಯ ದಿನ ಮಾಸ್ತರರು ಟೊಮೆಟೊ ಆರಿಸುತ್ತಿದ್ದರು. ಪ್ರತಿಯೊಂದನ್ನೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಮೂಸಿ. ಮಾರುವವಳು ಸೊಂಟಕ್ಕೆ ಕೈಕೊಟ್ಟು ಕೇಳಿದಳು: “ಏನ್ರೀ ಮಾಸ್ತರ, ಹಣ್ಣಿನ ನಾಡಿ ಹಿಡದು ನೋಡಾಕತ್ತೀರಿ? ಕಣ್ಣಿಗೆ ಕಾಣಂಗಿಲ್ಲೇನು, ಕೆಂಪಗ ಕೆಂಡ ಇದ್ದಂಗ ಅದಾವು!” ಮಾಸ್ತರರು ನಕ್ಕರು. “ಕೆಂಪಗ ಇದ್ದದ್ದೆಲ್ಲಾ ಹಣ್ಣಾದ್ರ, ನಿನ್ನ ಸೀರಿನೂ ತಿನಬೇಕಾದೀತು.” ಸುತ್ತ ನಿಂತವರೆಲ್ಲ ನಕ್ಕರು. ಅವಳ ಸೀರೆ ಹಸಿರಿತ್ತು. ಎಲ್ಲರೂ ಅದನ್ನು ಅವರ ತಮಾಷೆ ಎಂದುಕೊಂಡರು. ನಾನು ಮಾತ್ರ ನಗಲಿಲ್ಲ.

ಆಮೇಲೆ ಸೀಮೆಸುಣ್ಣ. ಬಣ್ಣದ ಸೀಮೆಸುಣ್ಣಗಳನ್ನು ಅವರು ಡಬ್ಬಿಯಲ್ಲಿ ಯಾವಾಗಲೂ ಒಂದೇ ಸಾಲಿನಲ್ಲಿ ಇಡುತ್ತಿದ್ದರು. ಒಮ್ಮೆ ನಾನು ಎರವಲು ತಂದು, ವಾಪಸಿಡುವಾಗ ಸಾಲು ತಪ್ಪಿಸಿದೆ. ಆಗ ಬೇಕೆಂದು ಮಾಡಿದ್ದಲ್ಲ, ಆಣೆ ಮಾಡಿ ಹೇಳುತ್ತೇನೆ. ಗೋಡೆಯ ಆಚೆಯಿಂದ ಮಕ್ಕಳ ಗುಲ್ಲು ಕೇಳಿಸಿತು. “ಸರ, ಅದು ಹಸರ ಗೆರಿ ಅಲ್ರಿ, ಕೆಂಪ ಗೆರಿ!” ಆಮೇಲೆ ಅವರ ದನಿ, ಸ್ವಲ್ಪ ಎತ್ತರದಲ್ಲಿ: “ಗಣಿತದಾಗ ಎಕ್ಸ್ ಅಂದ್ರ ಏನ ಬೇಕಾದ್ರೂ ಇಟ್ಕೋತೀರಿ, ನಾ ಹಸರ ಅಂದ್ರ ಕೆಂಪ ಇಟ್ಕೊಳ್ಳಾಕ ಏನ ಧಾಡಿ?” ಮಕ್ಕಳು ನಕ್ಕರು. ಪಾಠ ಮುಂದೆ ಸಾಗಿತು.

ಈಚೆ ನಾನು ಪುಸ್ತಕ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಇಷ್ಟು ವರ್ಷ ಯಾರಿಗೂ ಗೊತ್ತಾಗದಂತೆ ನಗಿಸಿ ನಗಿಸಿ ದಾಟಿಕೊಂಡು ಬಂದ ಮನುಷ್ಯ. ಅವರಿಗೆ ಕೆಂಪು ಹೇಗೆ ಕಾಣುತ್ತದೆ? ಹಸಿರು? ನನ್ನ ಬಾಲ್ಯದ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಗೋಡೆಯ ಆಚೆಗೇ ಇದ್ದರು. ಕೇಳಿದರೆ ಹೇಳುತ್ತೇನೆ ಎಂದು ದಿನಾ ಕೂಗಿ ಹೇಳುತ್ತಲೂ ಇದ್ದರು.

ಆದರೆ ನಾನು ಕೇಳಲಿಲ್ಲ. ಕೇಳುವುದು ಅವರ ಗುಟ್ಟನ್ನು ಮುಟ್ಟಿದಂತೆ, ಅಸಭ್ಯ, ನಾಟ್ ಡನ್ ಎಂದು ನನಗೆ ನಾನೇ ಹೇಳಿಕೊಂಡೆ. ಕೇಳದೆಯೇ ತಿಳಿದುಕೊಳ್ಳುವುದು ಅದಕ್ಕಿಂತ ಅಸಭ್ಯ ಎಂದು ಕಾನ್ವೆಂಟಿನಲ್ಲಿ ನನಗೆ ಯಾರೂ ಕಲಿಸಿರಲಿಲ್ಲ. ಕಲಿಸಬೇಕಾಗಿಯೂ ಇರಲಿಲ್ಲ.

ಆ ಚಳಿಗಾಲದಲ್ಲಿ ಇಲಾಖೆಯ ಸಾಹೇಬರೊಬ್ಬರು ಬರುತ್ತಾರೆಂದು ಸುದ್ದಿ ಬಂತು. ಕಂಪ್ಯೂಟರ್ ಇದ್ದ ಶಾಲೆಗಳನ್ನು ನೋಡಿ, ಪ್ರತಿ ಶಾಲೆಯಿಂದ ಒಬ್ಬರನ್ನು ದೊಡ್ಡ ತರಬೇತಿಗೆ ಆರಿಸುತ್ತಾರಂತೆ. ಹೋಗಿಬಂದವರೇ ಮುಂದೆ ಕಂಪ್ಯೂಟರ್ ಶಿಕ್ಷಕರು. ಯಂತ್ರ ಅವರ ಸುಪರ್ದಿಗೆ. ಗುರುನಾಥ ಮಾಸ್ತರರ ಹೆಸರೇ ಹೋಗುತ್ತದೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅವರ ತಂದೆಗೂ ಸುದ್ದಿ ಮುಟ್ಟಿತ್ತು. ಒಂದು ದಿನ ಶಾಲೆಯ ಗೇಟಿನ ಬಳಿ, ರುಮಾಲು ಕೈಯಲ್ಲಿ ಹಿಡಿದು, ಆ ಹಿರಿಯರು ನನ್ನನ್ನು ಕೇಳಿದರು:

“ಬಾಯಾರ, ನಮ್ಮ ಗುರು ಆ ಮಷೀನಿಗೆ ಮಾಸ್ತರ ಆಗ್ತಾನಂತ, ಖರೇನ್ರಿ?”

“ಖರೇನ ಅದ ರೀ ಕಾಕಾ. ಅವರನ್ನ ಬಿಟ್ಟರ ಮತ್ತ್ಯಾರಿದ್ದಾರ?” ಎಂದೆ. ಹೇಳುವಾಗ ಮನಸ್ಸಿನಲ್ಲಿ ಒಂದು ಸಣ್ಣ ಮುಳ್ಳು ಆಡಿತು. ಪುಸ್ತಕ ಓದಿ ಹೇಳಿದವಳು ನಾನು. ಬಣ್ಣದ ವಿಚಾರ ನನ್ನದು, ನನ್ನ ಅಜ್ಜನದು. ಆ ಮುಳ್ಳನ್ನು ನಾನು ಆಗ ಲೆಕ್ಕಕ್ಕೆ ಹಿಡಿಯಲಿಲ್ಲ. ಈಗ ಹಿಡಿಯುತ್ತೇನೆ.

ಸಾಹೇಬರಿಗೆ ಬೂದಿ ತೋರಿಸುವುದು ಚಂದವಲ್ಲವೆಂದು ಹೆಡ್‌ಮಾಸ್ತರರು ಶಿಗ್ಗಾವಿಯ ಒಬ್ಬ ಬಟ್ಟೆ ವ್ಯಾಪಾರಿಯ ಮನೆಯಿಂದ ಕಲರ್ ಟಿವಿ ಕಡ ತರಿಸಿದರು. ಎರಡು ಕೌದಿಗಳಲ್ಲಿ ಸುತ್ತಿ, ಹಸುಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ವ್ಯಾನಿನಲ್ಲಿ ತಂದರು. ಸಾಹೇಬರು ಬರುವ ಹಿಂದಿನ ದಿನ, ಮಧ್ಯಾಹ್ನ ನಾವಿಬ್ಬರೂ ಅದನ್ನು ಜೋಡಿಸಿ ಗುಂಡಿ ಒತ್ತಿದೆವು.

ಓಹ್—ಆ ಹಳದಿ! ಸವಣೂರಿನ ವೀಳ್ಯದೆಲೆ ಬಳ್ಳಿಯ ಚಿಗುರಿನಂಥ ಆ ಹಸಿರು! ತಿಂಗಳುಗಟ್ಟಲೆ ಕತ್ತಲಲ್ಲಿ ನೇಯ್ದ ಸೀರೆಯನ್ನು ಬಿಸಿಲಿಗೆ ಹಿಡಿದಂತಾಯಿತು ನನಗೆ. ತಿರುಗಿ ನೋಡಿದರೆ ಮಾಸ್ತರರು ಟಿವಿಯನ್ನು ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದರು.

“ಹೆಂಗ ಬಂದಾವ್ರಿ ಬಾಯಾರ? ಚಂದ ಅದಾವೇನು?”

“ನೀವ ನೋಡ್ರಿ!”

“ನಾ ನೋಡಾಕತ್ತೇನಿ. ನೀವು ಹೇಳ್ರಿ.”

ಆ ದನಿಯಲ್ಲಿ ಏನಿತ್ತು ಎಂದು ನಾನು ಎಷ್ಟು ಸಲ ಯೋಚಿಸಿದ್ದೇನೆ. ಅದು ಬಾಗಿಲು. ಅರ್ಧ ತೆರೆದು ನಿಂತಿದ್ದರು. ‘ಮಾಸ್ತರ, ನಿಮಗ ಹೆಂಗ ಕಾಣಸ್ತದ?’ ಎಂದು ನಾನು ಕೇಳಿದ್ದರೆ ಅವರು ಹೇಳುತ್ತಿದ್ದರೆಂದು ಈಗ ನನಗೆ ಅನಿಸುತ್ತದೆ. ನಾನು, “ಭಾಳ ಛಲೋ ಬಂದಾವ,” ಎಂದಷ್ಟೇ ಹೇಳಿದೆ. ಮನಸ್ಸು ಬೇರೆ ಲೆಕ್ಕ ಹಾಕುತ್ತಿತ್ತು. ಕಪ್ಪು-ಬಿಳುಪಿನಲ್ಲಿ ಹಳದಿಯೂ ಹಸಿರೂ ಎರಡು ಬೇರೆ ಬೂದಿಗಳು. ಅಲ್ಲಿ ಅವರನ್ನು ಮೀರಿಸುವವರಿಲ್ಲ. ಇಲ್ಲಿ, ಈ ಝಗಝಗ ಬೆಳಕಿನಲ್ಲಿ? ಇವೆರಡೂ ಅವರಿಗೆ ಒಂದೇ ಆಗಿ ಕಾಣುತ್ತವೆಯೇ?

ಮರುದಿನ ಬೆಳಿಗ್ಗೆ ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಪ್ರೋಗ್ರಾಮನ್ನು ಕ್ಯಾಸೆಟ್ಟಿನಿಂದ ಯಂತ್ರಕ್ಕೆ ತುಂಬಿಸಿ, ಒಮ್ಮೆ ನಡೆಸಿ ನೋಡಿ, ಗೇಟಿನ ಕಡೆ ಹೋದರು. ಕೋಣೆಯಲ್ಲಿ ನಾನೊಬ್ಬಳೇ. ಹಳದಿಯ ಸಂಖ್ಯೆ ಇದ್ದಲ್ಲಿ ಹಸಿರಿನದನ್ನು, ಹಸಿರಿನದು ಇದ್ದಲ್ಲಿ ಹಳದಿಯದನ್ನು ಒತ್ತಿದೆ. ಹಾಗೇ ಕ್ಯಾಸೆಟ್ಟಿಗೂ ಉಳಿಸಿದೆ. ಕಾಫಿ ಸೋಸುವಷ್ಟು ಹೊತ್ತಿನ ಕೆಲಸ.

ಅವರು ವಾಪಸು ಬಂದು ತೆರೆ ನೋಡಿ, ‘ಇದೇನ್ರಿ ಬಾಯಾರ?’ ಎಂದರೆ ನಕ್ಕು ಸರಿಪಡಿಸಬೇಕು. ಏನೂ ಅನ್ನದಿದ್ದರೆ ನನಗೆ ಉತ್ತರ ಸಿಕ್ಕಿತು, ಆಗಲೂ ಸದ್ದಿಲ್ಲದೆ ಸರಿಪಡಿಸಬೇಕು. ಇದು ನನ್ನ ಎಕ್ಸ್‌ಪೆರಿಮೆಂಟ್. ಅವರು ಬಂದರು. ತೆರೆ ನೋಡಿದರು. ಕೀಬೋರ್ಡಿನ ಧೂಳನ್ನು ಕರವಸ್ತ್ರದಿಂದ ಒರೆಸಿದರು. ಏನೂ ಅನ್ನಲಿಲ್ಲ.

ಉತ್ತರ ಸಿಕ್ಕಿತು. ಎಂಥ ಲಜ್ಜೆಗೇಡಿ ಸಂತೋಷ ಅದು—ಬಾಲ್ಯದ ಪ್ರಶ್ನೆಯ ಬಾಲ ಕೈಗೆ ಸಿಕ್ಕ ಸಂತೋಷ. ಅಷ್ಟರಲ್ಲಿ ಜೀಪಿನ ಸದ್ದು. ಸಾಹೇಬರು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದಿದ್ದರು.

ಸಮಯವಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಇತ್ತು. ಸಾಹೇಬರು ಹಾರ ಹಾಕಿಸಿಕೊಂಡರು, ಹೆಡ್‌ಮಾಸ್ತರರ ಕೋಣೆಯಲ್ಲಿ ಅವಲಕ್ಕಿ ತಿಂದರು, ಚಹಾ ಕುಡಿದರು. ಯಂತ್ರ ನನ್ನಿಂದ ಕೈಯಳತೆಯಲ್ಲಿತ್ತು. ನಾನು ಕಿಟಕಿಯ ಪಕ್ಕ ನಿಂತಿದ್ದೆ, ಅಷ್ಟೇ. ಮುಂದೇನಾಗುತ್ತದೆ ಎಂದು ನೋಡುವ ಆಸೆ ಇನ್ನೂ ತೀರಿರಲಿಲ್ಲ. ಆ ಮುಳ್ಳೂ ಅಲ್ಲೇ ಇತ್ತು.

ಕೋಣೆ ತುಂಬಿತು. ಮಕ್ಕಳು ಕಿಟಕಿಗೆ ಜೋತುಬಿದ್ದರು. ಮಾಸ್ತರರು ಕೋಲು ಹಿಡಿದು ತೆರೆಯ ಪಕ್ಕ ನಿಂತರು. ಪ್ರೋಗ್ರಾಮು ಅವರಿಗೆ ಬಾಯಿಪಾಠ. ಯಾವ ಶಬ್ದ ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲರು—ಹೇಳಿದರು ಕೂಡ.

“ಸಾಹೇಬ್ರ, ಈ ಹಳದಿ ಶಬ್ದ ನೋಡ್ರಿ. ಇವು ಯಂತ್ರದ ಸೊತ್ತು. ಈ ಹಸಿರು ಅದಾವಲ್ರಿ, ಇವು ನಮ್ಮ ಹುಡುಗರು ಇಟ್ಟ ಹೆಸರು…”

ಕೋಲು ಹಸಿರು ಶಬ್ದದ ಮೇಲಿತ್ತು. ಆಮೇಲೆ ಹಳದಿಯ ಮೇಲೆ.

ಕಿಟಕಿಯಿಂದ ಒಂದು ಕಿಸಕ್ ಎಂಬ ನಗು. ಸಾಹೇಬರು ಮುಂದಕ್ಕೆ ಬಾಗಿದರು.

“ಮಾಸ್ತರ, ಅದು ಹಸಿರು ಅಲ್ಲೇನ್ರಿ?”

ಮಾಸ್ತರರು ತಮಾಷೆ ಎಂದುಕೊಂಡು ನಕ್ಕರು. ಯಾರೂ ನಗದಿದ್ದುದನ್ನು ನೋಡಿ ತೆರೆಯ ಕಡೆ ತಿರುಗಿದರು. ಹತ್ತಿರ ಹೋದರು. ಇನ್ನೂ ಹತ್ತಿರ. ಆ ಬೆನ್ನು ನನಗೆ ಈಗಲೂ ಕಾಣುತ್ತದೆ. ಇಸ್ತ್ರಿಯ ಗೆರೆ ಎದ್ದುನಿಂತ ಬಿಳಿ ಅಂಗಿ. ಸಾಹೇಬರು ಮೇಜಿನ ಮೇಲಿದ್ದ ಹಾರದಿಂದ ಒಂದು ಎಲೆ ಕಿತ್ತು ಹಿಡಿದರು. “ಇದು ಯಾವ ಬಣ್ಣ ಹೇಳ್ರಿ?” ಎಲೆ ಹಸಿರೆಂದು ಎಂಥವರಿಗೂ ಗೊತ್ತು. ಮಾಸ್ತರರು ಅದಕ್ಕೂ ಉತ್ತರ ಕೊಡಲಿಲ್ಲ. ಅಷ್ಟರ ಮಟ್ಟಿಗೆ ಅವರಿಗೆ ತಮ್ಮ ಮೇಲೆಯೇ ನಂಬಿಕೆ ಹೋಗಿಬಿಟ್ಟಿತ್ತು. ಜೀವಮಾನವಿಡೀ ನಗಿಸಿ ದಾಟಿದ ಮನುಷ್ಯನಿಗೆ ಆ ಗಳಿಗೆಯಲ್ಲಿ ಒಂದು ತಮಾಷೆಯೂ ಹೊಳೆಯಲಿಲ್ಲ.

“ಈ ಬಣ್ಣ ಹಚ್ಚಿದವ್ರು ಯಾರ್ರಿ?” ಸಾಹೇಬರು ಕೋಣೆಯನ್ನೆಲ್ಲ ನೋಡಿ ಕೇಳಿದರು.

ಮಾಸ್ತರರು ನನ್ನ ಕಡೆ ತಿರುಗಿದರು. ಆರೋಪದ ನೋಟವಲ್ಲ. ನಿನ್ನೆ ಮಧ್ಯಾಹ್ನದ ಅದೇ ನೋಟ—ನೀವು ಹೇಳ್ರಿ.

ನಾನು ಹೇಳಿದೆ.

“ಎಲ್ಲಾ ಮಾಸ್ತರದ್ದ ಕೆಲಸ ರೀ ಸರ್. ನಂದೇನೂ ಇಲ್ಲ.”

ಕಾನ್ವೆಂಟಿನ ಮೆತ್ತನೆಯ ದನಿಯಲ್ಲಿ, ಸೆರಗು ಸರಿಪಡಿಸಿಕೊಳ್ಳುತ್ತ ಹೇಳಿದೆ. ಹೆಡ್‌ಮಾಸ್ತರರು ಆಮೇಲೆ ಅದನ್ನು ಎಲ್ಲರಿಗೂ ಹೇಳಿದರು: ‘ನೋಡ್ರಿ, ಎಂಥಾ ದೊಡ್ಡ ಮನಸ್ಸು, ಒಂದು ಅಕ್ಷರ ತನ್ನದಂತ ಅನಲಿಲ್ಲ.’

ಮುಂದಿನದು ಬೇಗ ನಡೆದುಹೋಯಿತು. “ಬಣ್ಣ ಗೊತ್ತಾಗದವ್ರ ಕೈಯಾಗ ಸರಕಾರದ ಮಷೀನ್ ಹೆಂಗ ಕೊಡೂದು?” ಎಂದರು ಸಾಹೇಬರು. ಅದು ಯಾವ ನಿಯಮದಲ್ಲೂ ಇರಲಿಲ್ಲವೆಂದು ನನಗೆ ಆಮೇಲೆ ಗೊತ್ತಾಯಿತು. ಕೋಣೆಯಲ್ಲಿ ಯಾರೂ ಆಗ ಕೇಳಲಿಲ್ಲ, ನಾನೂ ಕೇಳಲಿಲ್ಲ. ತರಬೇತಿಗೆ ನನ್ನ ಹೆಸರು ಹೋಯಿತು. ನಾನು ಬೇಡವೆನ್ನಲಿಲ್ಲ. ಮಕ್ಕಳು ಮಾಸ್ತರರಿಗೆ ಒಂದು ಹೆಸರಿಟ್ಟರು, ಅದನ್ನಿಲ್ಲಿ ಬರೆಯಲಾರೆ. ಅವರು ಬಣ್ಣದ ಸೀಮೆಸುಣ್ಣ ಮುಟ್ಟುವುದನ್ನೇ ಬಿಟ್ಟರು. ಗೋಡೆಯ ಆಚೆಯಿಂದ ‘ಕೇಳಿದ್ರ ಹೇಳ್ತೇನಿ’ ಎನ್ನುವುದೂ ಮೆಲ್ಲಗೆ ನಿಂತುಹೋಯಿತು. ತಾವಾಗಿ ಅರ್ಜಿ ಹಾಕಿ, ಬೇಸಿಗೆ ರಜೆಗೆ ಮುಂಚೆ ಹಿರೇಕೆರೂರಿಗೆ ವರ್ಗ ಮಾಡಿಸಿಕೊಂಡರು.

ಬಸ್‌ಸ್ಟ್ಯಾಂಡಿಗೆ ಬಿಡಲು ನಾವು ಕೆಲವರು ಹೋಗಿದ್ದೆವು. ಬಸ್ಸು ಹತ್ತುವ ಮೊದಲು ನನ್ನ ಹತ್ತಿರ ಬಂದು, “ಮಷೀನ್ ಚಲೋ ನೋಡ್ಕೊಳ್ರಿ ಬಾಯಾರ. ಆ ಕ್ವಾಣ್ಯಾಗ ಧೂಳು ಭಾಳ ಕೂಡತೈತಿ,” ಎಂದರು. ಅಷ್ಟೇ.

ಆ ಘಟನೆಯ ಮೇಲೆ ಬಣ್ಣದ ಪ್ರೋಗ್ರಾಮನ್ನು ಯಾರೂ ಮುಟ್ಟಿಲ್ಲವೆಂದೇ ನಾನು ತಿಳಿದಿದ್ದೆ. ಶಿಗ್ಗಾವಿಯ ಟಿವಿ ಅದೇ ವಾರ ಕೌದಿ ಸುತ್ತಿಕೊಂಡು ಹಿಂತಿರುಗಿತ್ತು. ನಾನು ತರಬೇತಿ ಮುಗಿಸಿ ಬಂದಾಗ ಸರಕಾರವೇ ಒಂದು ಕಲರ್ ತೆರೆ ಕಳಿಸಿತು. ಮೊದಲ ದಿನ, ಕದ ಹಾಕಿಕೊಂಡು, ಆ ಹಳೆಯ ಕ್ಯಾಸೆಟ್ ಹಾಕಿದೆ. ನಾನು ತಿರುವಿದ್ದನ್ನು ನಾನೇ ಸರಿಪಡಿಸಬೇಕೆಂದು.

ಯಂತ್ರದ ಶಬ್ದಗಳು ಹಳದಿಯಾಗಿದ್ದವು. ಮಕ್ಕಳ ಹೆಸರು ಹಸಿರು.

ನಾನು ಸರಿಪಡಿಸಿರಲಿಲ್ಲ. ಆ ಪ್ರೋಗ್ರಾಮಿನ ಒಳಗು ಗೊತ್ತಿದ್ದವರು ಇಬ್ಬರೇ. ಅಂದರೆ ಆ ದಿನವೋ, ಮರುದಿನವೋ, ಬೀಗದ ಕೈ ಒಪ್ಪಿಸುವ ಮೊದಲು, ಅವರು ಅದನ್ನು ತೆಗೆದು ನೋಡಿದ್ದಾರೆ. ಬಣ್ಣ ಕಣ್ಣಿಗೆ ಸಿಗದಿದ್ದರೇನು, ಸಂಖ್ಯೆ ಸಿಕ್ಕೇ ಸಿಗುತ್ತದೆ. ತಾವು ಬರೆದದ್ದು ಇದಲ್ಲ ಎಂದು ತಿಳಿದಿದೆ. ಯಾರ ಕೈ ಎಂದೂ ತಿಳಿದಿದೆ. ನೇರ ಹೆಡ್‌ಮಾಸ್ತರರ ಕೋಣೆಗೆ ಹೋಗಿ ತೋರಿಸಬಹುದಿತ್ತು. ಹೋಗಲಿಲ್ಲ. ಮುಂದಿನ ಮಕ್ಕಳಿಗಾಗಿ ಸರಿಪಡಿಸಿಟ್ಟು, ಬಸ್‌ಸ್ಟ್ಯಾಂಡಿನಲ್ಲಿ ನನಗೆ ಧೂಳಿನ ಮಾತು ಹೇಳಿ ಹೋದರು.

ಮಕ್ಕಳು ಬಾಗಿಲು ತಟ್ಟಿದರು. ಎದ್ದು ತೆರೆದು, ಅದೇ ಮಾತು ಹೇಳಿಕೊಟ್ಟೆ—ಹಳದಿ ಯಂತ್ರದ ಸೊತ್ತು, ಹಸಿರು ನಿಮ್ಮದು. ನಿವೃತ್ತಿಯವರೆಗೂ ಹೇಳಿಕೊಟ್ಟೆ. ಹಿರೇಕೆರೂರು ಎಷ್ಟು ದೂರ? ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟು. ಒಮ್ಮೆಯೂ ಹೋಗಲಿಲ್ಲ.

ಈಗ ನನ್ನ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್ ಇದೆ. ಹೊತ್ತು ಹೋಗಲೆಂದು ಸಣ್ಣಪುಟ್ಟ ಪ್ರೋಗ್ರಾಮು ಬರೆಯುತ್ತೇನೆ, ಎಡಿಟರಿಗೆ ನನ್ನದೇ ಥೀಮುಗಳನ್ನು ಹೆಣೆಯುತ್ತೇನೆ. ಮುದುಕಿಯ ಕಸೂತಿ ಎಂದುಕೊಳ್ಳಿ. ಮೊನ್ನೆ ಬಣ್ಣಗಳ ಪಟ್ಟಿ ನೋಡುತ್ತಿದ್ದಾಗ, ಹಸಿರು-ಕೆಂಪು ಬೇರೆಯಾಗಿ ಕಾಣದವರಿಗಾಗಿಯೇ ಮಾಡಿದ ಥೀಮೊಂದು ಕಣ್ಣಿಗೆ ಬಿತ್ತು. ಯಾರೋ, ಎಲ್ಲೋ, ಕೂತು, ಕೇಳಿ, ಕೇಳಿ ಮಾಡಿದ್ದಾರೆ. ಅದು ಅಷ್ಟು ಸರಳವಾಗಿತ್ತು. ಒಂದು ಕೊರತೆಯನ್ನು ತೋರಿಸುವಂತಿರಲಿಲ್ಲ. ಕುಳ್ಳಗಿರುವವರಿಗೆ ಒಂದು ಸ್ಟೂಲ್ ಇಟ್ಟಂತಿತ್ತು.

ನಾನೂ ಒಂದನ್ನು ಮಾಡಲು ಕೂತೆ. ಬಣ್ಣಗಳನ್ನು ಬೆಳಕಿನ ಏರಿಳಿತದಲ್ಲಿ ಜೋಡಿಸಿದೆ, ಆ ಹಳೆಯ ಟಿವಿಯ ಬೂದಿಗಳಂತೆ—ಒಂದು ಉರಿಯುವುದು, ಒಂದು ಮಂಕಾದದ್ದು. ಚೆನ್ನಾಗಿಯೇ ಬರುತ್ತಿತ್ತು. ಅರ್ಧದಲ್ಲಿ ಕೈ ನಿಂತಿತು. ಮತ್ತೆ ಅದೇ ಮಾಡುತ್ತಿದ್ದೇನೆ, ಅಲ್ಲವೇ? ಅವರ ಕಣ್ಣಿಗೆ ಏನು ಕಾಣುತ್ತದೆಂದು ನಾನೇ ತೀರ್ಮಾನಿಸುತ್ತಿದ್ದೇನೆ. ಅವರನ್ನು ಕೇಳದೆ.

ಹಾಕಿದ ಬಣ್ಣಗಳನ್ನೆಲ್ಲ ಅಳಿಸಿದೆ. ಈಗ ಅದರಲ್ಲಿ ಎಲ್ಲ ಶಬ್ದವೂ ಒಂದೇ ಬೂದಿ.

ಗುರುನಾಥ ಮಾಸ್ತರರು ಹಿರೇಕೆರೂರಿನಲ್ಲೇ ಇದ್ದಾರೆ. ಗೇಟಿನ ಬಳಿ ನನ್ನನ್ನು ಕೇಳಿದ ಆ ತಂದೆ ಈಗಿಲ್ಲ. ಅವರಿಗೆ ಹೇಳಬೇಕಾಗಿದ್ದ ಮಾತು ನನ್ನ ಬಳಿಯೇ ಉಳಿಯಿತು, ಉಳಿಯಲಿ. ಅದು ನನಗೆ ತಕ್ಕದ್ದೇ. ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಲ್ಯಾಪ್‌ಟಾಪನ್ನು ಚೀಲದಿಂದ ತೆಗೆಯುವ ಮೊದಲು, ನೀರು ಕುಡಿಯುವ ಮೊದಲು, ಎರಡು ಸಂಖ್ಯೆ ತಿರುವಿದವಳು ನಾನೆಂದು, ಕಿಟಕಿಯ ಬಳಿ ಸುಮ್ಮನೆ ನಿಂತವಳು ನಾನೆಂದು, ಆ ವಿನಯ ಸುಳ್ಳೆಂದು ಹೇಳಬೇಕು. ಅವರಿಗೆ ಗೊತ್ತಿರುವುದನ್ನೇ ಹೇಳುವುದು. ಆದರೂ ನನ್ನ ಬಾಯಿಂದ ಅವರು ಅದನ್ನು ಕೇಳಿಲ್ಲ.

ಆಮೇಲೂ ಅವರು ‘ಕುಂದರ್ರಿ’ ಅಂದರೆ, ಒಂದು ಪ್ರಶ್ನೆ ಕೇಳುತ್ತೇನೆ. ಹೇಳದಿದ್ದರೆ ಸೆರಗು ಹೊದ್ದು, ಮರಳಿ ಬಸ್ಸು ಹಿಡಿಯುತ್ತೇನೆ. ಆ ಉತ್ತರ ಅವರದು. ಕೊಡುವುದೂ ಬಿಡುವುದೂ ಅವರಿಗೆ ಸೇರಿದ್ದು.

‘ಮಾಸ್ತರ, ನಿಮಗ ಹಳದಿ ಹೆಂಗ ಕಾಣಸ್ತದ?’

ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ಈ ಮಾತನ್ನು ಗಟ್ಟಿಯಾಗಿ ಅಂದು ನೋಡಿದೆ. ಎಷ್ಟು ಸಣ್ಣ ಪ್ರಶ್ನೆ.